ಎರಡನೇ ಡೀಸೆಲ್ ಫಿಲ್ಟರ್ ಹಾಕಿಸಿ, ಆದರೆ ಜಾಗ ನೋಡಿ ಹಾಕಿಸಿ

ಲಾರಿಗೆ ಇನ್ನೊಂದು ಡೀಸೆಲ್ ಫಿಲ್ಟರ್ ಹಾಕಿಸಬೇಕಾ ಅಂತ ಯಾರೇ ಕೇಳಿದರೂ ಹಾಕಿಸಿ ಅಂತಲೇ ಹೇಳುತ್ತೇನೆ. ತಕ್ಷಣ ಮುಂದಿನ ಪ್ರಶ್ನೆ ಬರುತ್ತದೆ: "ಎಷ್ಟು ಮೈಕ್ರಾನಿಂದು ತಗೊಳ್ಳಲಿ?" ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಫಿಲ್ಟರ್ ಎಷ್ಟು ಸಣ್ಣ ಕಸ ಹಿಡಿಯುತ್ತದೆ ಅನ್ನುವುದಕ್ಕೆ ಅಳತೆ. ಎಡವಟ್ಟು ಶುರುವಾಗುವುದೇ ಇಲ್ಲಿ. ಎಲ್ಲಿ ಕೂರಿಸುತ್ತೀರಿ ಅನ್ನುವುದು ಮೊದಲು ಗೊತ್ತಾಗಬೇಕು. ಟ್ಯಾಂಕಿನಿಂದ ಡೀಸೆಲ್ ತಂದುಕೊಡುವ ಫೀಡ್ ಪಂಪಿಗಿಂತ ಮುಂಚೆಯಾ, ಆಮೇಲಾ? ಇದು ತೀರ್ಮಾನ ಆಗದೆ ಮೈಕ್ರಾನ್ ಲೆಕ್ಕ ಹಾಕಿ ಉಪಯೋಗವಿಲ್ಲ.

ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್‌ಗಳು ಸ್ವಲ್ಪ ಕಸವನ್ನು ಸಹಿಸಿಕೊಳ್ಳುತ್ತಿದ್ದವು. 1995ರ ಹೊತ್ತಿಗೆ ಲಾರಿಗಳಿಗೆ ಕಾಮನ್ ರೈಲ್ ಬಂತು, ಅಂದರೆ ಭಾರೀ ಒತ್ತಡದ ಡೀಸೆಲನ್ನು ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಕೊಡುವ ವ್ಯವಸ್ಥೆ. ಆಟವೇ ಬದಲಾಯಿತು. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಒತ್ತಡ 2000 ಬಾರ್ ಆಸುಪಾಸು, ಕೆಲವದರಲ್ಲಿ 2500ರ ತನಕ. ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. 40 ಮೈಕ್ರಾನಿಗಿಂತ ಸಣ್ಣ ಕಣ ಬರಿಗಣ್ಣಿಗೆ ಬೀಳುವುದು ಕಷ್ಟ. "ನಮ್ಮ ಡೀಸೆಲ್ ನೋಡಿ, ಕನ್ನಡಿ ಥರ ಇದೆ" ಅಂತ ಬಾಟಲಿ ಎತ್ತಿ ತೋರಿಸುವವರಿಗೆ ಏನು ಹೇಳುವುದು? ಇಂಜೆಕ್ಟರ್ ಹಾಳು ಮಾಡುವ ಕಸ ಆ ಬಾಟಲಿಯಲ್ಲಿ ಇದ್ದರೂ ಕಾಣುವುದಿಲ್ಲ.

ಇನ್ನು ಜಾಗದ ವಿಷಯ. ಫೀಡ್ ಪಂಪ್ ಇಂಜಿನ್ ಮೇಲೆ ಇದ್ದರೆ ಅದು ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳಬೇಕು. ಎಳೆಯುವ ಕಡೆ ಡೀಸೆಲನ್ನು ತಳ್ಳಲು ಇರುವುದು ಹೊರಗಿನ ಗಾಳಿಯ ಒತ್ತಡ ಮಾತ್ರ, ಅಂದರೆ ಹೆಚ್ಚೆಂದರೆ ಒಂದು ಬಾರ್. ಅಲ್ಲಿ 2 ಮೈಕ್ರಾನಿನ ಫಿಲ್ಟರ್ ಕೂರಿಸಿದರೆ ಇಂಜಿನ್ ಮೂಗು ಹಿಡಿದುಕೊಂಡು ಓಡಿದ ಹಾಗೆ. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಪಿಕಪ್ ಸತ್ತುಹೋಗುತ್ತದೆ. ಆಗ ಬೈಗುಳ ಮಾತ್ರ ಟರ್ಬೋಗೆ ಬೀಳುತ್ತದೆ!

ಇನ್ನೊಂದು ಲೆಕ್ಕ ತುಂಬ ಜನರಿಗೆ ತಪ್ಪಿಹೋಗುತ್ತದೆ. ಪಂಪ್ ಎಳೆಯುವ ಡೀಸೆಲೆಲ್ಲ ಉರಿಯುವುದಿಲ್ಲ. ದೊಡ್ಡ ಪಾಲು ರಿಟರ್ನ್ ಲೈನಿನಲ್ಲಿ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ಫಿಲ್ಟರ್ ಸೈಜನ್ನು ಮೈಲೇಜ್ ನೋಡಿ ಆರಿಸಬಾರದು, ಪಂಪ್ ಒಟ್ಟು ಎಷ್ಟು ಎಳೆಯುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು.

ಎಳೆಯುವ ಕಡೆಗೆ ನನ್ನ ಆಯ್ಕೆ 30 ಮೈಕ್ರಾನ್, ತೀರಾ ಸಣ್ಣದು ಅಂದರೂ 10ಕ್ಕಿಂತ ಕೆಳಗೆ ಬೇಡ, ಅದೂ ನೀರನ್ನು ಬೇರೆ ಮಾಡಿ ಹಿಡಿಯುವ, ಕೆಳಗೆ ಬಟ್ಟಲು ಇರುವ ವಾಟರ್ ಸೆಪರೇಟರ್. ಇನ್ನೂ ಸಣ್ಣ ಕಸ ಹಿಡಿಯುವ ಫಿಲ್ಟರ್ ಬೇಕೇ ಬೇಕು ಅಂದರೆ ಪಂಪ್ ಆದ ಮೇಲೆ ಹಾಕಿ. ಪಂಪ್ ತಳ್ಳುವ ಒತ್ತಡ ತಡೆಯುವಂಥದ್ದೇ ಆಗಿರಲಿ. ನೀರು ಹಿಡಿಯುವ ಕೆಲಸ ಪಂಪಿಗಿಂತ ಮುಂಚೆಯೇ ಆಗಬೇಕು, ಅದಕ್ಕೊಂದು ಕಾರಣ ಇದೆ. ಪಂಪ್ ಒಳಗೆ ಹೋದ ನೀರಿನ ಹನಿ ಪುಡಿಪುಡಿಯಾಗಿ ಡೀಸೆಲಿನಲ್ಲಿ ಬೆರೆತುಬಿಡುತ್ತದೆ. ಅಷ್ಟು ಸಣ್ಣ ಹನಿಯನ್ನು ಆಮೇಲೆ ಬೇರೆ ಮಾಡುವುದು ಕಷ್ಟ.

ನನ್ನನ್ನು ಕೇಳಿದರೆ ಎರಡನೇ ಫಿಲ್ಟರಿನ ನಿಜವಾದ ಲಾಭ ಈ ನೀರು ಹಿಡಿಯುವುದೇ. ಸೆಪರೇಟರಿನ ಕೆಳಗಿನ ಕಾಕ್ ತಿರುಗಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಬಿಡಿ. ಐದು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ, ಡೀಸೆಲ್ ಮೇಲೆ. ಕೆಲವು ಸಲ ಎರಡರ ನಡುವೆ ಕಂದು ಬಣ್ಣದ ಲೋಳೆ ಪದರ ಕಾಣುತ್ತದೆ. ಬೆರಳಿಗೆ ಹಚ್ಚಿಕೊಂಡರೆ ಜಾರುತ್ತದೆ. ಅದು ಕೊಳೆಯಲ್ಲ, ಜೀವ ಇರುವ ವಸ್ತು! ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಶಿಲೀಂಧ್ರ. ಇದು ಕಂಡರೆ ಫಿಲ್ಟರ್ ಬದಲಾಯಿಸಿದರೆ ಸಾಲದು, ಟ್ಯಾಂಕ್ ಕ್ಲೀನ್ ಮಾಡಿಸಬೇಕು. ಬಯೋಡೀಸೆಲ್ ಬೆರೆತ ಡೀಸೆಲ್ ನೀರನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನೂ ಬಿಡಿಸುತ್ತದೆ. ಹಾಗಾಗಿ ಅದನ್ನು ಬಳಸಲು ಶುರು ಮಾಡಿದ ಹೊಸದರಲ್ಲಿ ಫಿಲ್ಟರ್ ಬೇಗ ಕಟ್ಟಿಕೊಂಡರೆ ಗಾಬರಿ ಬೇಡ.

ಡಬ್ಬಿಯ ಮೇಲೆ ಬರೀ "5 ಮೈಕ್ರಾನ್" ಅಂತ ಇದ್ದರೆ ನಂಬಬೇಡಿ. ಬೀಟಾ ನಂಬರ್ ಕೇಳಿ, ಎಷ್ಟು ಕಣಕ್ಕೆ ಒಂದು ದಾಟಿಹೋಗುತ್ತದೆ ಅನ್ನುವ ಲೆಕ್ಕ ಅದು. 5 ಮೈಕ್ರಾನಿಗೆ ಬೀಟಾ 2 ಅಂದರೆ ಆ ಗಾತ್ರದ ಕಣಗಳಲ್ಲಿ ಅರ್ಧಕ್ಕರ್ಧ ದಾಟಿಹೋಗುತ್ತವೆ. ಬೀಟಾ 75 ಅಂದರೆ ಎಪ್ಪತ್ತೈದರಲ್ಲಿ ಒಂದು ಮಾತ್ರ ದಾಟುತ್ತದೆ. ಎರಡೂ ಡಬ್ಬಿಯ ಮೇಲೆ ಐದೇ ಬರೆದಿರಬಹುದು, ಅಲ್ವಾ?

ಕೂರಿಸುವ ಕೆಲಸ ಅಂಥ ಕಷ್ಟದ್ದೇನಲ್ಲ. ಚಾಸಿಯ ಒಳಮೈಯಲ್ಲಿ, ಮೊದಲೇ ಇರುವ ತೂತಿಗೆ ಬ್ರಾಕೆಟ್ ಬೋಲ್ಟ್ ಮಾಡಿ. ಚಾಸಿಯ ಮೇಲಂಚಿಗೂ ಕೆಳಂಚಿಗೂ ಡ್ರಿಲ್ ಹಾಕಬೇಡಿ, ವೆಲ್ಡಿಂಗಂತೂ ಬೇಡವೇ ಬೇಡ. ಸೈಲೆನ್ಸರಿನಿಂದ ದೂರ ಇರಲಿ. ಕೆಳಗೆ ನೀರು ಬಿಡಲು, ಫಿಲ್ಟರ್ ಬಿಚ್ಚಲು ಕೈ ಹೋಗುವಷ್ಟು ಜಾಗ ಇರಲಿ. ಹೋಸ್ ಡೀಸೆಲಿಗೇ ಮಾಡಿದ್ದಾಗಿರಬೇಕು, ಒಳಗಿನ ಅಳತೆ ಹಳೇ ಪೈಪಿನಷ್ಟೇ ಇರಬೇಕು. ಕತ್ತರಿಸಿದ ರಬ್ಬರ್ ಚೂರು ಒಳಗೆ ಉಳಿದಿದ್ದರೆ ಊದಿ ತೆಗೆಯಿರಿ. ಜಿಂಕ್ ಲೇಪನದ ಪೈಪು, ಫಿಟಿಂಗ್ ತರಬೇಡಿ. ಜಿಂಕ್ ಡೀಸೆಲಿನಲ್ಲಿ ಕರಗಿ ಇಂಜೆಕ್ಟರ್ ತುದಿಗೆ ಹೋಗಿ ಕೂರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನೂ ಸುತ್ತಬೇಡಿ, ಅದರ ಎಳೆ ಕಿತ್ತುಬಂದರೆ ನೇರ ಒಳಗೇ ಹೋಗುವುದು. ತಾಮ್ರದ ವಾಷರ್ ಹೊಸದು ಹಾಕಿ.

ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ತಿರುಗಿಸುವ ಚಾಳಿ ಎಲ್ಲ ಕಡೆ ಇದೆ. ಸಾಮಾನ್ಯವಾಗಿ ಡೀಸೆಲ್ ಸುತ್ತಲಿನ ಸಣ್ಣ ತೂತುಗಳಿಂದ ಒಳಹೋಗಿ ನಡುವಿನ ದೊಡ್ಡ ತೂತಿನಿಂದ ಹೊರಬರುತ್ತದೆ. ನಡುವಿನ ತೂತಿಗೆ ಸುರಿದರೆ ಸೋಸದ ಡೀಸೆಲನ್ನು ನಾವೇ ಇಂಜೆಕ್ಟರಿಗೆ ಕೊಟ್ಟ ಹಾಗಾಯಿತು. ಖಾಲಿ ಫಿಲ್ಟರನ್ನೇ ತಿರುಗಿಸಿ, ಹ್ಯಾಂಡ್ ಪ್ರೈಮರ್ ಅಂದರೆ ಕೈಯಿಂದ ಒತ್ತುವ ಸಣ್ಣ ಪಂಪ್ ಒತ್ತಿ ಡೀಸೆಲ್ ತುಂಬಿಸಿ ಏರ್ ತೆಗೆಯಿರಿ. ಕೈ ನೋಯುತ್ತದೆ, ನೋಯಲಿ.

ಕೆಲಸ ಮುಗಿದ ಮೇಲೆ ಸೋರಿಕೆ ನೋಡುವುದರಲ್ಲಿ ಒಂದು ಮೋಸ ಇದೆ. ಎಳೆಯುವ ಕಡೆ ಜಾಯಿಂಟ್ ಸಡಿಲ ಇದ್ದರೆ ಇಂಜಿನ್ ಓಡುವಾಗ ಡೀಸೆಲ್ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣ ಒಣ, ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ರಗಳೆ. ಸಂಶಯ ಬಂದರೆ ಪಂಪಿಗೆ ಮುಂಚೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿ ನೋಡಿ. ಗುಳ್ಳೆ ಹರಿಯುತ್ತಿದ್ದರೆ ಕಳ್ಳ ಸಿಕ್ಕಿದ. ಪತ್ತೆಯಾದ ಮೇಲೆ ಆ ಹೋಸ್ ತೆಗೆದುಬಿಡಿ.

"ಗಾಡಿ ಮಾಡಿದವರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಅನ್ನುವವರ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಳ್ಳೇ ಬಂಕಿನಲ್ಲಿ ಮಾತ್ರ ತುಂಬಿಸಿ, ಇರುವ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವವರಿಗೆ ಇನ್ನೊಂದು ಬೇಕಾಗದೇ ಇರಬಹುದು. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿಯನ್ನು ಕೇಳದೆ ಪೈಪ್ ಮುಟ್ಟಲೂಬೇಡಿ. ಆದರೆ ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟುಕೊಂಡು, ಧೂಳಿನ ಸೈಟಿನಲ್ಲಿ ಗಾಡಿ ಓಡಿಸುವವರ ಕಥೆಯೇ ಬೇರೆ. ಅವರು ಹಾಕಿಸಲೇಬೇಕು ಅನ್ನುವುದು ನನ್ನ ಮಾತು.

ಹಾಕಿಸುವಾಗ ಎಳೆಯುವ ಕಡೆಯ ಫಿಲ್ಟರ್ ಹೆಡ್ಡಿಗೆ, ಪಂಪ್ ಎಷ್ಟು ಕಷ್ಟಪಟ್ಟು ಎಳೆಯುತ್ತಿದೆ ಅಂತ ತೋರಿಸುವ ಒಂದು ವ್ಯಾಕ್ಯೂಮ್ ಗೇಜನ್ನೂ ಹಾಕಿಸಿ. ಮುಳ್ಳು ಏರುತ್ತಾ ಹೋದರೆ ಫಿಲ್ಟರ್ ಕಟ್ಟುತ್ತಿದೆ ಅಂತ ಅರ್ಥ, ತಾರೀಖು ನೋಡಿ ಊಹೆ ಮಾಡುವ ಕೆಲಸ ತಪ್ಪುತ್ತದೆ. ಕ್ಯಾಬಿನ್ನಿನಲ್ಲಿ ಎರಡೂ ಫಿಲ್ಟರಿನ ಒಂದೊಂದು ಸ್ಪೇರ್ ಇರಲಿ, ಸೀಲ್ ಸಮೇತ.