ಎಂ.ಟೆಕ್. ಹೆಬ್ಬೆಟ್ಟು

ನಮ್ಮಜ್ಜಿ ಹೆಬ್ಬೆಟ್ಟು. ಅದನ್ನೇನೂ ಮುಚ್ಚಿಡುವವರಲ್ಲ. ಆ ಹಟಕ್ಕೇ ಮೊಮ್ಮಗಳನ್ನು ಎಂ.ಟೆಕ್. ಓದಿಸಿದರು. ಅಂಥ ನಮ್ಮಕ್ಕ ಅಮೆರಿಕದಲ್ಲಿ ಕೆಲಸ ಕಳೆದುಕೊಂಡಳು. ಯಾಕೆ ಅಂತೀರಿ? ಹೆಬ್ಬೆಟ್ಟು ಒತ್ತಲಿಲ್ಲ ಅಂತ.

ಭಾವನದು ಕೆಲಸದ ವೀಸಾ, ಎಚ್-1ಬಿ. ಅಕ್ಕನದು ಅವರ ಹೆಂಡತಿ ಅನ್ನೋ ಲೆಕ್ಕದಲ್ಲಿ ಸಿಕ್ಕ ಎಚ್-4. ಗಂಡ ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದರೆ ಹೆಂಡತಿಗೂ ಕೆಲಸದ ಪರ್ಮಿಟ್ ಕೊಡೋಣ ಅಂತ ಅಲ್ಲಿನವರು 2015ರಲ್ಲಿ ದೊಡ್ಡ ಮನಸ್ಸು ಮಾಡಿದ್ದರು. 2019ರಲ್ಲಿ ಆ ಮನಸ್ಸಿಗೆ ಅನುಮಾನ ಬಂತು. ವೀಸಾ ಮುಂದುವರಿಸಬೇಕಾದರೆ (ಅದು ಮುಂದುವರಿಯದೆ ಪರ್ಮಿಟ್ಟೂ ಇಲ್ಲ) ಹೆಂಡತಿ ಹೊಸದಾಗಿ ಬೆರಳಚ್ಚು ಕೊಡಬೇಕು ಅಂದರು, ಜೊತೆಗೆ 85 ಡಾಲರ್. ಚೆನ್ನೈನಲ್ಲಿ ವೀಸಾ ಮಾಡಿಸುವಾಗಲೇ ಹತ್ತೂ ಬೆರಳು ಒತ್ತಿಸಿಕೊಂಡಿದ್ದರು. (ಹೌದು, ಚೆನ್ನೈ. ಬೆಂಗಳೂರಿನಿಂದ ಅಷ್ಟು ಇಂಜಿನಿಯರುಗಳು ಹೋದರೂ ಆಗ ಇಲ್ಲೊಂದು ಅಮೆರಿಕನ್ ಕಾನ್ಸುಲೇಟ್ ಇರಲಿಲ್ಲ.) ವಿಮಾನ ಇಳಿದಾಗ ಇನ್ನೊಂದು ಸಲ ಒತ್ತಿಸಿಕೊಂಡರು. ಅಷ್ಟರಲ್ಲಿ ಬೆರಳೇನು ಬದಲಾಗಿಬಿಡುತ್ತಾ ಅಂತ ಅಜ್ಜಿ ಕೇಳುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಬೆರಳು ಒತ್ತಿಸಿಕೊಳ್ಳುವ ಕಚೇರಿಗೆ ಬೀಗ ಬಿತ್ತು. ಒತ್ತಲೇಬೇಕು ಅನ್ನುವ ನಿಯಮಕ್ಕೆ ಬೀಗ ಬೀಳಲಿಲ್ಲ. ಅದೇ ತಿಂಗಳು ನಮ್ಮ ಕೇಂದ್ರ ಸರ್ಕಾರ ತನ್ನ ನೌಕರರಿಗೆ, ಯಂತ್ರದ ಮೇಲೆ ಬೆರಳಿಡೋದು ಬೇಡ, ರಿಜಿಸ್ಟರ್‌ನಲ್ಲಿ ಬರೆದರೆ ಸಾಕು ಅಂದಿತ್ತು. ನಮ್ಮ ಸರ್ಕಾರಿ ಕಚೇರಿಗಳನ್ನು ಹೊಗಳುವ ಗತಿ ನನಗೆ ಬರುತ್ತೆ ಅಂದುಕೊಂಡಿರಲಿಲ್ಲ.

ಅಲ್ಲಿ ಬಾಗಿಲು ತೆರೆದ ಮೇಲೂ ಕ್ಯೂ ಕರಗಲಿಲ್ಲ. ಪರ್ಮಿಟ್ ಮುಗಿಯೋಕೆ 6 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವ ಹಾಗಿಲ್ಲ. ಅರ್ಜಿ ಅಲ್ಲಾಡೋಕೆ ಆಗ 6 ತಿಂಗಳು ಸಾಲುತ್ತಿರಲಿಲ್ಲ. ಈ ಲೆಕ್ಕ ಯಾವ ಎಂ.ಟೆಕ್.ಗೂ ಬಿಡಿಸೋಕಾಗಲ್ಲ.

2021ರ ಜನವರಿಯಲ್ಲಿ ಅಕ್ಕನ ಪರ್ಮಿಟ್ ಮುಗೀತು. ಆವತ್ತು ವಿಡಿಯೋ ಕಾಲ್‌ನಲ್ಲಿ ಅವಳು ಆಫೀಸಿನ ಲ್ಯಾಪ್‌ಟಾಪನ್ನು ರಟ್ಟಿನ ಡಬ್ಬಕ್ಕೆ ಹಾಕಿ ಟೇಪ್ ಅಂಟಿಸುತ್ತಿದ್ದಳು. ಟೇಪಿನ ತುದಿ ಸಿಗದೆ ಉಗುರಲ್ಲಿ ಕೆರೆಯುತ್ತಿದ್ದಳು. ಮಲ್ಲೇಶ್ವರದ ನಮ್ಮ ಹಾಲ್‌ನಲ್ಲಿ ಕೂತು ಅಜ್ಜಿ, "ಏನೇ ಅದು, ಚಟ್ನಿಪುಡಿ ಡಬ್ಬಾನಾ?" ಅಂದರು. ಅಕ್ಕ ಉತ್ತರ ಕೊಡಲಿಲ್ಲ.

ಮೇ 17ರಿಂದ ಎಚ್-4ನವರು ಬೆರಳಚ್ಚು ಕೊಡೋದು ಸದ್ಯಕ್ಕೆ ಬೇಡ ಅಂತ ಅಲ್ಲಿಂದ ಆದೇಶ ಬಂತು. ಅಷ್ಟೊತ್ತಿಗೆ ಅಕ್ಕನ ಜಾಗಕ್ಕೆ ಬೇರೆಯವರು ಬಂದು ಕೂತಾಗಿತ್ತು. ನಾನು ಅಜ್ಜಿಗೆ ಸುದ್ದಿ ಹೇಳಿದೆ.

"ಹಾಗಾದ್ರೆ," ಅಂದರು ಅಜ್ಜಿ, "ನಮ್ ಹುಡುಗಿಗೆ ಸೈನ್ ಹಾಕೋಕೆ ಬರುತ್ತೆ ಅಂತ ಒಪ್ಕೊಂಡ್ರಾ?"