ನಮ್ಮನೆ ಕೋವಿಯ ಮುಂಜಾಗ್ರತಾ ಬಂಧನ

ಚುನಾವಣೆ ಘೋಷಣೆಯಾದ ಸಂಜೆ ಟೀವಿಯಲ್ಲಿ ಟಿಕೆಟ್ ಯಾರಿಗೆ ಎಂಬ ಜಗಳ ಶುರುವಾಗುತ್ತದೆ. ಘಟ್ಟದ ಬುಡದ ನಮ್ಮ ಮನೆಗಳಲ್ಲಿ ಶುರುವಾಗುವ ಜಗಳ ಬೇರೆ. "ಕೋವಿಯ ಲೈಸನ್ಸ್ ಪುಸ್ತಕ ಎಲ್ಲಿಟ್ಟಿದ್ದೀರಿ?" ಎಂದು ನಾನು, "ಕಳೆದ ಎಲೆಕ್ಷನ್ನಿಗೆ ನೀವೇ ತೆಗೆದದ್ದಲ್ಲವಾ?" ಎಂದು ಹೆಂಡತಿ. ಅದು ಸಿಗುವುದು ಪಂಚಾಂಗದ ಕೆಳಗೆ, ಅಡಕೆ ಮಂಡಿಯ ಹಳೇ ಚೀಟಿಗಳ ನಡುವೆ. ಸಿಕ್ಕಿದ ಮರುದಿನ ನಮ್ಮನೆಯ ಕೋವಿ ಪೊಲೀಸ್ ಠಾಣೆಗೆ ಹೊರಡುತ್ತದೆ. ತಪ್ಪೇನೂ ಮಾಡಿಲ್ಲ. ಮಾಡೀತು ಎಂಬ ಗುಮಾನಿಯೂ ಯಾರಿಗಿಲ್ಲ. ಆದರೂ ಎಲೆಕ್ಷನ್ ಮುಗಿಯುವ ತನಕ ಒಳಗೆ ಕೂರಬೇಕು, ಲೈಸನ್ಸ್ ಇದ್ದವರೆಲ್ಲ ಕೋವಿ ತಂದಿಡಿ ಎಂದು ಆದೇಶ.

ಆರೋಪಿಯ ಪರಿಚಯ ಹೇಳಿಬಿಡುತ್ತೇನೆ. ಅಜ್ಜನ ಕಾಲದ ಕೇಪಿನ ಕೋವಿ, ಒಂಟಿ ನಳಿಗೆ. ಹಿಡಿಯ ಮರ ಒಂದು ಕಡೆ ಸೀಳಿದೆ, ಅಪ್ಪ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಒಂದು ಈಡು ಹೊಡೆಯಬೇಕಾದರೆ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಗಜ ಎಂಬ ಉದ್ದ ಕೋಲು ಹಾಕಿ ಕುಟ್ಟಬೇಕು, ಸೀಸದ ಚರೆ ಹಾಕುವುದಿದ್ದರೆ ಹಾಕಿ ಮತ್ತೆ ನಾರು, ಮತ್ತೆ ಕುಟ್ಟು, ಆಮೇಲೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕು. ಕೇಪು ಒದ್ದೆಯಾಗಿದ್ದರೆ 'ಟಿಕ್' ಅನ್ನುತ್ತದೆ, ಅಷ್ಟೇ. ನನ್ನ ಕೈಯಲ್ಲಿ ಇಡೀ ಸಂಭ್ರಮಕ್ಕೆ ಮೂರು ನಿಮಿಷ ಬೇಕು, ಕನ್ನಡಕ ಹುಡುಕುವ ಹೊತ್ತು ಬೇರೆ. ಮತಯಂತ್ರ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ತೆಗೆದುಕೊಳ್ಳುವುದಿಲ್ಲವಂತೆ, ಮತಗಟ್ಟೆ ವಶಪಡಿಸಿಕೊಂಡವರು ಗಬಗಬ ಒತ್ತಬಾರದು ಎಂದು ಹಾಗೆ ಮಾಡಿದ್ದು. ಅಂದರೆ ನಾನು ಈ ಕೋವಿ ಹಿಡಿದು ಮತಗಟ್ಟೆಗೆ ನುಗ್ಗಿದೆ ಅಂತಿಟ್ಟುಕೊಳ್ಳಿ. ಮೊದಲ ಈಡಿಗೂ ಎರಡನೇ ಈಡಿಗೂ ನಡುವೆ ಹನ್ನೆರಡು ಜನ ನಿಶ್ಚಿಂತೆಯಿಂದ ಮತ ಹಾಕಿ, ಬೆರಳಿನ ಶಾಯಿ ಒಣಗಿಸಿಕೊಂಡು, ನನಗೆ ಗಜ ಹುಡುಕಿಕೊಟ್ಟು ಹೋಗಬಹುದು.

ಕಾನೂನಿಗೆ ಇದು ಗೊತ್ತಿಲ್ಲ ಎನ್ನುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮು ಓದಿದರೆ ಅದನ್ನು ಬರೆದವರ ಮನೆಯಲ್ಲೂ ಒಂದು ತೋಟ ಇದ್ದಿರಬೇಕು ಅನಿಸುತ್ತದೆ. ಪ್ರಾಮಾಣಿಕವಾಗಿ ಬೆಳೆ ಕಾಯಲಿಕ್ಕೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದವನಿಗೆ ಲೈಸನ್ಸ್ ಕೊಡತಕ್ಕದ್ದು ಎಂದಿದೆ ಅಲ್ಲಿ. ರಿವಾಲ್ವರು ಪಿಸ್ತೂಲು ಕೇಳಿದವನಾದರೆ ತನಗೆ ಅದರ ಅಗತ್ಯ ಏನೆಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ನಮಗೆ ಆ ಪರೀಕ್ಷೆಯಿಲ್ಲ. ಇಷ್ಟು ಮರ್ಯಾದೆ ಕೊಟ್ಟ ಕಾಯ್ದೆಯ ಕೂಸನ್ನೇ ಎಲೆಕ್ಷನ್ ಬಂದಾಗ ಊರ ರೌಡಿಯ ಜತೆ ಒಂದೇ ಬೆಂಚಿನಲ್ಲಿ ಕೂರಿಸುತ್ತಾರೆ. ರೌಡಿಯಾದರೂ ಮುಚ್ಚಳಿಕೆ ಬರೆದುಕೊಟ್ಟು ಸಂಜೆಗೆ ಮನೆಗೆ ಬರುತ್ತಾನೆ.

ಚುನಾವಣಾ ಆಯೋಗವೇನೂ ಎಲ್ಲರ ಕೋವಿಯನ್ನೂ ಕಿತ್ತುಕೊಳ್ಳಿ ಎಂದು ಹೇಳಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಜಿಲ್ಲೆಗೊಂದು ಸ್ಕ್ರೀನಿಂಗ್ ಕಮಿಟಿ ಇರಬೇಕು, ಅದು ಲೈಸನ್ಸ್ ಇದ್ದವರನ್ನು ಒಬ್ಬೊಬ್ಬರಾಗಿ ಪರಿಶೀಲಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದಿನ ಚುನಾವಣೆಗಳಲ್ಲಿ ಗಲಾಟೆ ಎಬ್ಬಿಸಿದವರು, ಇಂಥವರ ಮೇಲೆ ವಿಶೇಷ ಕಣ್ಣಿಡಬೇಕು ಎಂಬುದು ಸೂಚನೆ. ಕೇಳಲಿಕ್ಕೆ ಚಂದ. ಆದರೆ ಒಬ್ಬೊಬ್ಬರಾಗಿ ಪರಿಶೀಲಿಸುವುದೆಂದರೆ ಕಡತ ತೆರೆಯಬೇಕು, ಓದಬೇಕು, 'ಈತನಿಂದ ಅಪಾಯವಿಲ್ಲ' ಎಂದು ಬರೆದು ಕೆಳಗೆ ರುಜು ಹಾಕಬೇಕು. ನಾಳೆ ಏನಾದರೂ ಆದರೆ ಆ ರುಜು ಯಾರದು? ಅದಕ್ಕಿಂತ ಒಂದೇ ಆದೇಶ ಸುಲಭ: ಎಲ್ಲರೂ ತಂದಿಡಿ. ಎಂಬತ್ತು ದಾಟಿದ, ಊರುಗೋಲಿಲ್ಲದೆ ಕೊಟ್ಟಿಗೆಗೂ ಹೋಗಲಾಗದ ನಮ್ಮ ನೆರೆಮನೆಯ ಅಜ್ಜನೂ ತಂದಿಡಿ. ಅವರು ಎಬ್ಬಿಸಿದ ಕೊನೆಯ ಗಲಾಟೆ ಮೊಮ್ಮಗಳ ಮದುವೆಯಲ್ಲಿ, ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತೆಂದು.

ಕೋವಿ ಠಾಣೆಗೆ ಹೋಗುವ ದೃಶ್ಯವನ್ನು ನೀವೊಮ್ಮೆ ನೋಡಬೇಕು. ಹಳೇ ಪಂಚೆಯಲ್ಲಿ ಸುತ್ತಿ, ಮೇಲೆ ಗೋಣಿ ಹೊದಿಸಿ, ಎರಡು ಕಡೆ ಬಾಳೆಹಗ್ಗದಲ್ಲಿ ಬಿಗಿದಿರುತ್ತೇವೆ. ಬಸ್ಸಿನಲ್ಲಿ ಕಂಡಕ್ಟರ್ "ಏನದು, ಪೈಪಾ? ಲಗೇಜ್ ಆಗ್ತದೆ" ಅನ್ನುತ್ತಾನೆ. "ಕೋವಿ" ಎಂದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಹಾಗಾಗಿ "ಹೌದು, ಪೈಪು" ಎಂದು ಲಗೇಜಿನ ದುಡ್ಡು ಕೊಟ್ಟುಬಿಡುವುದು ಮರ್ಯಾದೆ. ಠಾಣೆಯ ಜಗಲಿಯಲ್ಲಿ ಆಗಲೇ ಹತ್ತಿಪ್ಪತ್ತು ಪೈಪುಗಳು ಗೋಡೆಗೆ ಒರಗಿರುತ್ತವೆ. ಪಕ್ಕದಲ್ಲಿ ಅವುಗಳ ಯಜಮಾನರು, ಬಹುಪಾಲು ಅರವತ್ತು ದಾಟಿದವರು, ಎಲೆಯಡಕೆ ಹಾಕಿಕೊಂಡು ಎಲ್ಲಿ ಉಗಿಯುವುದೆಂದು ತಿಳಿಯದೆ ಬಾಯಿ ಮುಚ್ಚಿ ಕೂತಿರುತ್ತಾರೆ. ಠಾಣೆಯ ಬರವಣಿಗೆ ನೋಡುವ ರೈಟರ್ ಹೆಸರು ಕೂಗುತ್ತಾರೆ, ನಂಬರ್ ಬರೆದುಕೊಳ್ಳುತ್ತಾರೆ, ರಟ್ಟಿನ ಚೂರಿಗೆ ಟ್ವೈನು ದಾರ ಪೋಣಿಸಿ ನಳಿಗೆಗೆ ಕಟ್ಟುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಿ ಕೂಸಿನ ಕಾಲಿಗೆ ಕಟ್ಟುತ್ತಾರಲ್ಲ, ಹಾಗೆ. ಕಳೆದ ಬಾರಿ ಒಬ್ಬ ಎಳೆಯ ಕಾನ್‌ಸ್ಟೇಬಲ್ ನಮ್ಮ ಕೋವಿ ಎತ್ತಿ ನೋಡಿ "ಸರ್, ಇದು ನಿಜವಾಗಿ ಹಾರ್ತದಾ?" ಎಂದು ಕೇಳಿದ. "ಹಾರ್ತದೆ, ಮಳೆಗಾಲ ಬಿಟ್ಟು" ಎಂದೆ. ಆತ ಅದನ್ನೂ ಬರೆದುಕೊಂಡನೋ ಏನೋ.

ಪೊಲೀಸರ ಮೇಲೆ ನನಗೆ ಸಿಟ್ಟಿಲ್ಲ. ಬಂದೋಬಸ್ತು, ನಾಕಾಬಂದಿ, ರ‍್ಯಾಲಿ ಎಂದು ಮೊದಲೇ ಹೈರಾಣಾದವರು ಅವರು. ಅದರ ಮೇಲೆ ನಮ್ಮ ಅಜ್ಜಂದಿರ ಕಬ್ಬಿಣದ ಚಾಕರಿ ಬೇರೆ.

ಈಗ ಲೆಕ್ಕಕ್ಕೆ ಬನ್ನಿ. 2023ರಲ್ಲಿ ವಿಧಾನಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ, ಫಲಿತಾಂಶ ಮೇ 13ಕ್ಕೆ. ಒಂದೂವರೆ ತಿಂಗಳು, ಹೋಗಲಿ. 2024ರ ಲೋಕಸಭೆಯದ್ದು ಭಾರೀ. ಘೋಷಣೆ ಮಾರ್ಚ್ 16. ಕರಾವಳಿಯ ನಾವು ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿಸಿ, ಬೆರಳಿನ ಶಾಯಿ ಮಾಸಿ, ಉಗುರು ಬೆಳೆದು, ಕತ್ತರಿಸಿಯೂ ಆಯಿತು. ಆದರೆ ಎಣಿಕೆ ಜೂನ್ 4ಕ್ಕೆ. ಫಲಿತಾಂಶದ ಮೇಲೂ ಒಂದು ವಾರ ಕೋವಿ ಅಲ್ಲೇ ಇರಬೇಕೆಂದು ನಿಯಮ. ಉತ್ತರದಲ್ಲೆಲ್ಲೋ ಏಳನೇ ಹಂತದ ಮತದಾನವಾಗುವ ತನಕ ನಮ್ಮ ತೋಟದ ಮರಗೆಣಸು ಹಂದಿಯ ದಯೆಯಲ್ಲಿ. ನಮ್ಮ ಕೋವಿ ವಾರಾಣಸಿಯ ಶಾಂತಿ ಕದಡೀತು ಎಂಬ ಭಯ ಯಾರಿಗಾದರೂ ಇತ್ತೇ? ಅದರ ಈಡು ಸರಿಯಾಗಿ ಹೊಳೆಯನ್ನೂ ದಾಟುವುದಿಲ್ಲ.

ಈ ಲೆಕ್ಕ ಹಂದಿಗೆ ಗೊತ್ತು ಎಂದು ನಮ್ಮಲ್ಲಿ ಬಲವಾದ ನಂಬಿಕೆಯಿದೆ. ಮೊದಲ ವಾರ ತೋಟದ ಅಂಚಿನಲ್ಲಿ ಮೂಸುತ್ತದೆ. ಎರಡನೇ ವಾರ ಬಾಳೆಯ ಬುಡ. ಮೂರನೇ ವಾರಕ್ಕೆ ಸಂಸಾರ ಸಮೇತ, ಪಟ್ಟೆಪಟ್ಟೆಯ ಮರಿಗಳನ್ನೂ ಕರೆದುಕೊಂಡು, ಹೊಸ ಅಡಕೆ ಗಿಡದ ಸಾಲನ್ನು ಟಿಲ್ಲರ್ ಹೊಡೆದ ಹಾಗೆ ಉತ್ತು ಹೋಗುತ್ತದೆ. ಮಂಗಗಳದ್ದು ಹಗಲು ಪಾಳಿ. ಒಂದು ಎಳನೀರು ಕಿತ್ತು, ಎರಡು ಗುಟುಕು ಕುಡಿದು, ನಮ್ಮನ್ನೇ ನೋಡುತ್ತ ಕೆಳಗೆ ಬಿಡುತ್ತವೆ. ಸ್ಟಾರ್ ಪ್ರಚಾರಕರು ಕೈ ಬೀಸುವಾಗ ಮುಖದಲ್ಲಿರುತ್ತದಲ್ಲ, ಅದೇ ಭಾವ.

ಇಲ್ಲಿ ನನ್ನ ಕಡೆಯ ಒಂದು ಗುಟ್ಟನ್ನೂ ಹೇಳಬೇಕು. ಕೋವಿ ಮನೆಯಲ್ಲಿದ್ದರೂ ಹಂದಿಯನ್ನು ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಂದಿಗೆ ರಕ್ಷಣೆಯಿದೆ, 2022ರ ತಿದ್ದುಪಡಿಯಾದ ಮೇಲೆ ಎರಡನೇ ಅನುಸೂಚಿಯಲ್ಲಿ ಅದರ ಜಾಗ. ಬೆಳೆಗೆ ಅಪಾಯ ಎಂದಾದರೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದವರೋ ಕಾರಣ ಸಹಿತ ಲಿಖಿತ ಆದೇಶ ಕೊಡಬೇಕು. ಆದೇಶ ಬರುವಷ್ಟರಲ್ಲಿ ಆ ಹಂದಿ ತೀರಿಕೊಂಡು ಅದರ ಮೊಮ್ಮಕ್ಕಳ ಕಾಲ ಬಂದಿರುತ್ತದೆ. ಆದ್ದರಿಂದ ಸರಕಾರ ಒಂದು ಕೈಯಲ್ಲಿ 'ಬೆಳೆ ರಕ್ಷಣೆಗೆ' ಎಂದು ಬರೆದು ಕೋವಿ ಕೊಟ್ಟಿದೆ, ಇನ್ನೊಂದು ಕೈಯಲ್ಲಿ ಬೆಳೆ ತಿನ್ನುವವರಿಗೆ ರಕ್ಷಣೆ ಕೊಟ್ಟಿದೆ. ನಡುವೆ ಉಳಿದದ್ದು ಸದ್ದು ಮಾತ್ರ. ನಾವು ಮಾಡುವುದೂ ಅಷ್ಟೇ. ಚರೆ ಹಾಕದೆ ಬರೀ ಮದ್ದು ಜಡಿದು ಆಕಾಶಕ್ಕೆ ಒಂದು ಢಂ. ಅಂದರೆ ಚುನಾವಣೆಗೆ ಹೆದರಿ ಠಾಣೆಯಲ್ಲಿ ಬೀಗ ಹಾಕಿಡುವುದು ಒಂದು ಸದ್ದನ್ನು. ಅದೇ ಹೊತ್ತಿಗೆ ಊರ ತುಂಬ ಅಭ್ಯರ್ಥಿಗಳ ಪಟಾಕಿ ಸಾವಿರ ಸರ, ಲಕ್ಷ ಸರ ಎಂದು ಹೊಡೆಯುತ್ತಿರುತ್ತದೆ. ಒಮ್ಮೆ ಮೆರವಣಿಗೆಯ ಪಟಾಕಿಗೆ ಹಂದಿಗಳು ನಿಜಕ್ಕೂ ಎರಡು ದಿನ ಬರಲಿಲ್ಲ. ಆ ಪಕ್ಷಕ್ಕೇ ಮತ ಹಾಕಿದೆ ಎಂದು ನೆರೆಮನೆಯವರು ಬಹಿರಂಗವಾಗಿಯೇ ಹೇಳಿದರು. ನೀತಿಸಂಹಿತೆಯ ಪ್ರಕಾರ ಇದು ಆಮಿಷವೋ ಅಲ್ಲವೋ ತಿಳಿದವರು ಹೇಳಬೇಕು.

ಕೋವಿಯಿಲ್ಲದ ರೈತ ಏನು ಮಾಡುತ್ತಾನೆ ಎಂಬುದಕ್ಕೆ ಘಟ್ಟದ ಮೇಲಿನವರು ದಾರಿ ತೋರಿಸಿದ್ದಾರೆ. 2019ರಲ್ಲಿ ತೀರ್ಥಹಳ್ಳಿ ಸೀಮೆಯ ರೈತರೊಬ್ಬರು ಸಾಕು ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿ ಮಂಗ ಓಡಿಸಿದ ಸುದ್ದಿ ದೇಶವೆಲ್ಲ ಸುತ್ತಿತ್ತು. ಆಗ ನಕ್ಕೆವು. ಈಗ ಯೋಚಿಸಿದರೆ ಅಪ್ಪಟ ಕಾನೂನುಬದ್ಧ ಆಯುಧ ಅದು. ಲೈಸನ್ಸ್ ಬೇಡ, ಐದು ವರ್ಷಕ್ಕೊಮ್ಮೆ ನವೀಕರಣ ಬೇಡ. ಎಲೆಕ್ಷನ್ ಬಂದರೆ ಠಾಣೆಯಲ್ಲಿ ಇಟ್ಟುಕೊಳ್ಳಲಿಕ್ಕೂ ಆಗದು, ಅನ್ನ ಹಾಕಬೇಕಲ್ಲ.

ನಮ್ಮದೇ ಹಣೆಬರಹ ಕೆಟ್ಟದ್ದು ಎಂದು ಗೋಳಾಡುವಾಗ ನಾನು ಮಧ್ಯಪ್ರದೇಶವನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ. 2008ರಲ್ಲಿ ಅಲ್ಲಿಯ ಶಿವಪುರಿಯ ಜಿಲ್ಲಾಡಳಿತ, ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡ ಗಂಡಸರಿಗೆ ಕೋವಿ ಲೈಸನ್ಸ್ ಬೇಗ ಕೊಡುವ ಯೋಜನೆ ತಂದಿತ್ತು. ಚಿಕಿತ್ಸೆಯಿಂದ ಗಂಡಸ್ತನಕ್ಕೆ ಕುಂದು ಎಂದು ಹೆದರುವವರಿಗೆ ಹೆಗಲ ಮೇಲೊಂದು ಕೋವಿ, ಲೆಕ್ಕ ಸರಿಹೋಯಿತು. 2019ರಲ್ಲಿ ಗ್ವಾಲಿಯರ್ ಜಿಲ್ಲಾಡಳಿತ ಲೈಸನ್ಸ್ ಬೇಕಾದರೆ ಹತ್ತು ಗಿಡ ನೆಡಿ ಎಂದಿತು. ಚಳಿಗಾಲಕ್ಕೆ ವರಸೆ ಬದಲಾಗಿ, ಗೋಶಾಲೆಗೆ ಹತ್ತು ಕಂಬಳಿ ಕೊಡಿ ಎಂದಾಯಿತು. ಗಿಡ ಎಂದರೆ ನಮಗೆ ಕಷ್ಟವೇನಿಲ್ಲ, ವರ್ಷಕ್ಕೆ ಇನ್ನೂರು ನೆಡುತ್ತೇವೆ, ಅದರಲ್ಲಿ ನೂರೈವತ್ತು ಹಂದಿಗೆ. ಅತ್ತ ಮದುವೆ ದಿಬ್ಬಣದಲ್ಲಿ ವಾಲಗಕ್ಕಿಂತ ಮೊದಲು ಕೋವಿ ಹಾರಿಸುವ ಚಟ ಎಷ್ಟಿದೆಯೆಂದರೆ, ಅದನ್ನು ತಡೆಯಲಿಕ್ಕೆಂದೇ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾನೂನಿಗೆ ಸೇರಿಸಬೇಕಾಯಿತು. ನಮ್ಮ ಕಡೆ ದಿಬ್ಬಣದಲ್ಲಿ ಕೋವಿ ತಂದರೆ ಮದ್ದು ಜಡಿಯುವಷ್ಟರಲ್ಲಿ ಮುಹೂರ್ತ ಮೀರುತ್ತದೆ.

ಸಂಪಾಜೆ ದಾಟಿದರೆ ಕೊಡಗು. ಅಲ್ಲಿಯ ಕತೆಯೇ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್, ಬೆಂಗಳೂರಿನವರು ಸಂಜೆ ವಾಕಿಂಗ್ ಹೋಗುವ ಪಾರ್ಕಿಗೆ ಹೆಸರಿರುವ ಅದೇ ಸಾಹೇಬ, ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರ ತನಕ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂವೆಂಬ ಹೂವಿನ ಅಲಂಕಾರ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸಂಪ್ರದಾಯದಿಂದ ಆಯುಧ ಧರಿಸುವ ಹಕ್ಕಿರುವ ಸಮುದಾಯಗಳಿಗೆ ಚುನಾವಣೆಯ ನಿರ್ಬಂಧ ಅನ್ವಯಿಸದು ಎಂಬ ಮಾತೂ ಆಯೋಗದ ಸೂಚನೆಯಲ್ಲೇ ಇದೆ. ನನಗೆ ಹೊಟ್ಟೆಕಿಚ್ಚಿಲ್ಲ. ಮನೆಮನೆಯಲ್ಲಿ ಕೋವಿಯಿರುವ ಆ ಜಿಲ್ಲೆಯಲ್ಲಿ ಮತಗಟ್ಟೆಗಳು ಗುಂಡಿನಿಂದ ತೂತು ಬಿದ್ದ ಸುದ್ದಿ ನಾನಂತೂ ಓದಿಲ್ಲ. ಇದನ್ನೊಮ್ಮೆ ಒಬ್ಬ ಅಧಿಕಾರಿಯ ಮುಂದೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನಿಮ್ಮಲ್ಲಿ ಅಂಥ ಹಬ್ಬ ಯಾವುದಾದರೂ ಇದೆಯಾ?" ಎಂದರು.

ಇದೆ ಎನ್ನಬೇಕಿತ್ತು. ಐದು ವರ್ಷದಲ್ಲಿ ಮೂರ್ನಾಲ್ಕು ಸಲ ಬರುತ್ತದೆ, ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ನಡುವೆ ಯಾರಾದರೂ ಪಕ್ಷ ಬಿಟ್ಟರೆ ಉಪಚುನಾವಣೆ. ಕೋವಿಯನ್ನು ಸ್ನಾನ ಮಾಡಿಸಿ ಹೊಸಬಟ್ಟೆ ಸುತ್ತಿ ದಿಬ್ಬಣ ಕಳಿಸುತ್ತೇವೆ.

ಕೊನೆಗೊಂದು ದಿನ ಫೋನು ಬರುತ್ತದೆ, "ನಿಮ್ಮದು ತಗೊಂಡು ಹೋಗಿ." ಆರನೇ ಒಂದು ಪಾಲು ಮತ ಬಾರದ ಅಭ್ಯರ್ಥಿಯ ಠೇವಣಿ ಸರಕಾರಕ್ಕೆ, ಬಂದವನದ್ದು ಅವನಿಗೆ ಹಾಗೇ ವಾಪಸು. ನಮ್ಮ ಠೇವಣಿ ಮಾತ್ರ ಗೆದ್ದರೂ ಸೋತರೂ ತುಕ್ಕು ಹಿಡಿದೇ ಬರುತ್ತದೆ. 2024ರ ಜೂನಿನಲ್ಲಿ ಹೋದಾಗ ಜಿರಾಪತಿ ಮಳೆ. ಠಾಣೆಯ ಹಿಂದಿನ ಕೋಣೆಯಲ್ಲಿ ಕೋವಿಗಳು ಕಟ್ಟಿಗೆಯ ಹಾಗೆ ಒಟ್ಟಿದ್ದವು. ನಮ್ಮದರ ತಾಮ್ರದ ತಂತಿ ಹಸಿರಾಗಿತ್ತು, ಕುದುರೆ ಮಿಸುಕಲಿಲ್ಲ, ನಳಿಗೆಯ ಬಾಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅಲ್ಲೇ ಜಗಲಿಯಲ್ಲಿ ಕೂತು ಪೆನ್ನಿನ ಮುಳ್ಳಿನಿಂದ ಅದನ್ನು ಕೆತ್ತಿ ತೆಗೆದೆ. ರಟ್ಟಿನ ಚೀಟಿಯ ದಾರ ಬಿಚ್ಚಹೊರಟಾಗ ರೈಟರ್ ರಿಜಿಸ್ಟರಿನಿಂದ ತಲೆಯೆತ್ತಿ ನೋಡಿದರು.

"ಅದನ್ನು ತೆಗೀಬೇಡಿ ಮಾರಾಯ್ರೆ," ಎಂದರು. "ಇನ್ನು ಪಂಚಾಯ್ತಿ ಎಲೆಕ್ಷನ್ ಬರ್ಲಿಕ್ಕುಂಟು. ನಂಬರ್ ಮತ್ತೆ ಬರೆಯುವ ಕೆಲಸ ಉಳೀತದೆ."