ಒಂದು ಕೈ ಜೇಬಿನಲ್ಲಿ

ನನ್ನ ಹತ್ತಿರ ಒಂದು ಹಳೇ ಆರ್ಕೇಡ್ ಗೇಮ್ ಪೆಟ್ಟಿಗೆ ಇದೆ, ಕಾಸು ಹಾಕಿ ನಿಂತು ಆಡುವ ವಿಡಿಯೋ ಗೇಮ್. ಬೀರುವಿನಷ್ಟು ದೊಡ್ಡದು. ಆನ್ ಆಗುತ್ತದೆ, ಸದ್ದು ಮಾಡುತ್ತದೆ, ಎಲ್ಲ ಸರಿ. ಆದರೆ ಆಟ ರಂಗೇರುವ ಹೊತ್ತಿಗೆ ಪುಸಕ್ಕನೆ ರೀಸೆಟ್ ಆಗಿ ಮತ್ತೆ ಮೊದಲಿಂದ ಶುರು. ಗೊತ್ತಿದ್ದವರೊಬ್ಬರನ್ನು ಕೇಳಿದೆ. "ಆಟದ ಚಿಪ್ಪುಗಳಿರೋ ಬೋರ್ಡಿಗೆ 5 ವೋಲ್ಟ್ ಸರಿಯಾಗಿ ಬರ್ತಿಲ್ಲ, ವೋಲ್ಟ್ ಅಳೆಯೋ ಮೀಟರ್ ಇಟ್ಟು ನೋಡಿ" ಅಂದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತಾ? "ಪಕ್ಕದಲ್ಲೇ ಪಿಕ್ಚರ್ ಟ್ಯೂಬ್ ಇರುತ್ತೆ, ಅದರಲ್ಲಿ 20,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಉಳಿದಿರುತ್ತೆ. ಆ ಕಡೆ ಕೈ ಹಾಕ್ಬೇಡಿ" ಅಂತ ಬಾಲ ಬೇರೆ ಸೇರಿಸಿದರು.

ಸರಿ, ಉಂಗುರ ತೆಗೆದೆ, ವಾಚು ಬಿಚ್ಚಿದೆ, ರಬ್ಬರ್ ಚಪ್ಪಲಿ ಹಾಕಿದೆ. ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗಬಾರದು ಅಂತ ಎಡಗೈಯನ್ನು ಜೇಬಿಗೆ ಸೇರಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಫೋಟೋಗೆ ಪೋಸ್ ಕೊಡ್ತಿದ್ದೀರಾ?" ಅಂದಳು.

ಹಿಂದಿನ ಬಾಗಿಲು ತೆಗೆದು, ಮೀಟರಿನ ಕಪ್ಪು ವೈರನ್ನು ಕ್ಲಿಪ್ ಹಾಕಿ ಗ್ರೌಂಡಿಗೆ ಕಚ್ಚಿಸಿ, ಉಸಿರು ಬಿಗಿಹಿಡಿದು ಕೆಂಪು ಕಡ್ಡಿಯನ್ನು 5 ವೋಲ್ಟ್ ಜಾಗಕ್ಕೆ ತಾಗಿಸಿದೆ. ಸೊನ್ನೆ. 12 ವೋಲ್ಟ್ ಜಾಗದಲ್ಲಿ? ಅಲ್ಲೂ ಸೊನ್ನೆ. ಮೀಟರಿನ ಬ್ಯಾಟರಿ ಬದಲಾಯಿಸಿದೆ, ಮೀಟರಿಗೆ ನಾಲ್ಕು ಬೈದೆ. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಹೆಂಡತಿಯೇ ಕೇಳಿದಳು: "ಇದು ಆನ್ ಇದೆಯಾ?"

ಇರಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ನನ್ನಂಥವರಿಗಾಗಿಯೇ ಮಾಡಿದ್ದು. ಬಾಗಿಲು ತೆಗೆದ ತಕ್ಷಣ ಕರೆಂಟ್ ಕಟ್. ರಿಪೇರಿ ಮಾಡುವವರು ಅದರ ಕಡ್ಡಿಯನ್ನು ಹೊರಗೆಳೆದು ಆನ್ ಮಾಡಿಕೊಳ್ಳುತ್ತಾರಂತೆ. ಅರ್ಧ ಗಂಟೆಯಿಂದ ನಾನು ಆಫ್ ಆದ ಮೆಷಿನ್ ಮುಂದೆ ಜೇಬಲ್ಲಿ ಕೈ ಇಟ್ಟು ನಡುಗುತ್ತಿದ್ದೆ.

ಕಡ್ಡಿ ಎಳೆದೆ. ನಿಜವಾದ ಭಯ ಆಗಬೇಕಿದ್ದದ್ದು ಆಮೇಲೆ. ಗೋಡೆಯ ಕರೆಂಟನ್ನು 5, 12 ವೋಲ್ಟಿಗೆ ಇಳಿಸುವ ಪವರ್ ಸಪ್ಲೈ ಮೇಲೆ ಒಂದು ಸಾಲು ಸ್ಕ್ರೂಗಳು ಇದ್ದವು. ಒಂದು ತುದಿಯಲ್ಲಿ 5 ವೋಲ್ಟ್, ಅದೇ ಸಾಲಿನ ಇನ್ನೊಂದು ತುದಿಯಲ್ಲಿ ಗೋಡೆಯಿಂದ ಬಂದ ಕರೆಂಟ್, ಮೇಲೆ ಮುಚ್ಚಳವೂ ಇಲ್ಲ. ನಾನೋ ಟ್ಯೂಬ್ ಕಡೆಗೇ ಕಣ್ಣಿಟ್ಟು ಕೂತಿದ್ದೆ! ಜೊತೆಗೆ ಮೀಟರಿನ ಕೆಂಪು ವೈರು ವೋಲ್ಟ್ ತೂತಿನ ಬದಲು ಆಂಪಿಯರ್ ಅಳೆಯುವ ತೂತಿನಲ್ಲಿತ್ತು. ಹಾಗೇ ಇಟ್ಟಿದ್ದರೆ ಅಳತೆ ಆಗುತ್ತಿರಲಿಲ್ಲ, ನೇರ ಶಾರ್ಟ್ ಆಗುತ್ತಿತ್ತು. ಮೊದಲ ಸಲ ಮೆಷಿನ್ ಆಫ್ ಇದ್ದದ್ದು ಪುಣ್ಯ. ಎಲ್ಲ ಆಫ್ ಮಾಡಿ, ವೈರು ಸರಿಯಾದ ತೂತಿಗೆ ಹಾಕಿ, ಮತ್ತೆ ಆನ್ ಮಾಡಿದೆ.

ಸಪ್ಲೈ ಹತ್ತಿರ 5.08. ಬೋರ್ಡಿನ ಮೇಲೆ 4.62. ಆ ಹಳೇ ಚಿಪ್ಪುಗಳಿಗೆ 4.75ಕ್ಕಿಂತ ಕಡಿಮೆ ಆಗಬಾರದು, 5.25 ದಾಟಬಾರದು. ಸಪ್ಲೈ ಹತ್ತಿರ ಮಾತ್ರ ನೋಡಿದ್ದರೆ ಎಲ್ಲ ಸರಿ ಇದೆ ಅಂತ ಬಾಗಿಲು ಹಾಕಿಬಿಡುತ್ತಿದ್ದೆ. ಹಾಗಾದರೆ ಮಧ್ಯದಲ್ಲಿ ತಿಂದವರು ಯಾರು? ವೈರುಗಳು ಬೋರ್ಡಿಗೆ ಸೇರುವ ಕನೆಕ್ಟರಿನ ಕಿಲುಬು. ಪ್ಲಗ್ ಕಿತ್ತು, ಬೋರ್ಡ್ ಎಳೆದು, ಅದರ ಅಂಚಿನ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. 4.94ಕ್ಕೆ ಬಂತು. ಸಪ್ಲೈಯಲ್ಲಿದ್ದ ಪುಟ್ಟ ತಿರುಪನ್ನು ಒಂಚೂರು ತಿರುಗಿಸಿದರೆ 5.02. ಒಂಚೂರು ಅಂದರೆ ಕೂದಲೆಳೆಯಷ್ಟು. ಮೊದಲು ಉಲ್ಟಾ ತಿರುಗಿಸಿ ಆಟ ಸತ್ತೇ ಹೋಗಿತ್ತು, ಅದನ್ನು ಹೆಂಡತಿಗೆ ಹೇಳಿಲ್ಲ.

ಈಗ ರೀಸೆಟ್ ಆಗುವುದೇ ಇಲ್ಲ. ಮುಂಚೆ "ಅಷ್ಟರಲ್ಲಿ ಮೆಷಿನ್ ಕೈ ಕೊಡ್ತು, ಇಲ್ಲಾಂದ್ರೆ ಗೆಲ್ತಿದ್ದೆ" ಅನ್ನುತ್ತಿದ್ದೆ. ಈಗ ಎರಡು ಕೈಯಲ್ಲಿ ಆಡಿದರೂ ಎರಡನೇ ಹಂತ ದಾಟಲು ಆಗುತ್ತಿಲ್ಲ.